ಒಂದು ಹಾಳೆ ಕೊಡಿ, ಸಹಿ ಆಮೇಲೆ ಹಾಕುತ್ತೇವೆ

ಕಾರವಾರ
ಜುಲೈ 2025

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ
ಹಾಗೂ ಉತ್ತರ ಕನ್ನಡ ಜಿಲ್ಲೆಯ ಬ್ಯಾಂಕ್ ಶಾಖೆಗಳ ಅಧಿಕಾರಿಗಳು

ವಿಷಯ: ಇಂಜಿನಿಯರಿಂಗ್ ಓದಿಗೆ ಮಾಡುವ ಸಾಲ ಮತ್ತು ಓದಿದ ಮೇಲೆ ಕೈಗೆ ಬರುವ ಸಂಬಳದ ಬಗ್ಗೆ

ಮಾನ್ಯರೇ,

ನಾನು ನಿವೃತ್ತ ಗಣಿತ ಮಾಸ್ತರ. 31 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ, ಕೊನೆಯ 14 ವರ್ಷ ಕಾರವಾರದಲ್ಲೇ. ಸರಳಬಡ್ಡಿ, ಚಕ್ರಬಡ್ಡಿಯ ಲೆಕ್ಕವನ್ನು ಎಷ್ಟು ಸಲ ಬೋರ್ಡಿನ ಮೇಲೆ ಬಿಡಿಸಿದ್ದೇನೋ ನನಗೇ ಗೊತ್ತಿಲ್ಲ. ಹಾಗಿದ್ದೂ ನನ್ನ ಸಹಿ ಇರುವ ಒಂದು ಸಾಲದ ಲೆಕ್ಕವನ್ನು ಮಾತ್ರ ನಾನು ಬಿಡಿಸಿ ನೋಡಿರಲಿಲ್ಲ. ನಾಚಿಕೆ, ಸಿಟ್ಟು ಎರಡೂ ಸೇರಿ ಈ ಪತ್ರ ಬರೆಸುತ್ತಿವೆ.

2024ರ ಅಕ್ಟೋಬರಿನಲ್ಲಿ ನಮ್ಮ ಮನೆಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ನೋಟಿಸು ಬಂತು. ಸಹಿ ಮಾಡಿ ತೆಗೆದುಕೊಂಡವಳು ನನ್ನ ಹೆಂಡತಿ. ಒಡೆದು ಎರಡು ಸಲ ಓದಿದಳು. ಇಂಥವರ ಶೈಕ್ಷಣಿಕ ಸಾಲದ ಎರಡು ಕಂತು ಬಾಕಿ ಇದೆ, ಜಾಮೀನುದಾರರಾದ ತಾವು ಕೂಡಲೇ ಕಟ್ಟತಕ್ಕದ್ದು ಅಂತ ಅದರಲ್ಲಿತ್ತು. "ಯಾರ ಸಾಲ ಇದು?" ಅಂದಳು. ಐದು ವರ್ಷದ ಹಿಂದೆ ಜಾಮೀನು ಹಾಕಿದ್ದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ.

ಆ ಸಾಲ ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು. ಅವನ ಅಪ್ಪ ಬೈತಖೋಲ ಬಂದರಿನಲ್ಲಿ ಬೇರೆಯವರ ಬೋಟಿಗೆ ಹೋಗುತ್ತಾನೆ. ಅಮ್ಮ ಬುಟ್ಟಿ ಹೊತ್ತು ಮೀನು ಮಾರುತ್ತಾಳೆ. ಹುಡುಗ ಲೆಕ್ಕದಲ್ಲಿ ಜೋರು. 2019ರಲ್ಲಿ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂತು, ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿತು. ಮ್ಯಾನೇಜ್‌ಮೆಂಟ್ ಕೋಟಾ ಅಲ್ಲ, ಸಿಇಟಿ ಸೀಟೇ. ಅದಕ್ಕೇ ನಾವೆಲ್ಲ ಅಗ್ಗ ಅಂದುಕೊಂಡೆವು. ಶುಲ್ಕದ ಜೊತೆಗೆ ಹಾಸ್ಟೆಲು, ಮೆಸ್ಸು, ಅದು ಇದು ಅಂತ ಕಾಲೇಜು ಹೆಸರಿಟ್ಟು ಕೇಳಿದ ದುಡ್ಡು ಎಲ್ಲ ಸೇರಿ ವರ್ಷಕ್ಕೆ 1.75 ಲಕ್ಷ ಆಯಿತು.

ಇಲ್ಲಿ ನಮ್ಮ ಕರಾವಳಿಯ ಒಂದು ಸಂಗತಿಯನ್ನು ನಿಮಗೆ ಹೇಳಲೇಬೇಕು. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ನಿಷೇಧ ಸರಿಯಾದದ್ದೇ. ಆದರೆ ನಿಮ್ಮ ಸೀಟು ಹಂಚಿಕೆ, ಶುಲ್ಕ ಕಟ್ಟುವ ಗಡುವು ಹೆಚ್ಚುಕಡಿಮೆ ಇದೇ ದಿನಗಳಲ್ಲಿ ಬರುತ್ತದೆ. ಬೋಟು ದಡದಲ್ಲಿ, ಬಲೆ ಅಟ್ಟದಲ್ಲಿ, ಮನೆಯಲ್ಲಿ ದುಡ್ಡಿಲ್ಲ, ಮೊಬೈಲಿನಲ್ಲಿ ಮಾತ್ರ "ಇಷ್ಟರೊಳಗೆ ಶುಲ್ಕ ಕಟ್ಟದಿದ್ದರೆ ಸೀಟು ರದ್ದು" ಅಂತ ಮೆಸೇಜು. ಆಗ ಮನುಷ್ಯ ಯೋಚನೆ ಮಾಡಿ ಸಾಲ ತೆಗೆಯುವುದಿಲ್ಲ. ಯಾರು ಕೊಡುತ್ತಾರೋ ಅಲ್ಲಿ, ಎಲ್ಲಿ ತೋರಿಸುತ್ತಾರೋ ಅಲ್ಲಿ ಸಹಿ ಹಾಕುತ್ತಾನೆ.

ಅವರ ಮನೆ ಇರುವ ಜಾಗಕ್ಕೆ ಪಟ್ಟಾ ಇಲ್ಲ. ಈ ಜಿಲ್ಲೆಯಲ್ಲಿ ಇದೇನು ಹೊಸದಲ್ಲ. ನೆಲದ ಬಹುಪಾಲು ಕಾಗದದಲ್ಲಿ ಅರಣ್ಯ. ಮೂರು ತಲೆಮಾರಿನಿಂದ ಕೂತವರೂ ಇಲ್ಲಿ ಅತಿಕ್ರಮಣದಾರರೇ. ಪಹಣಿ ಇಲ್ಲದವನಿಗೆ ಅಡವು ಇಡಲು ಏನಿದೆ? ಬ್ಯಾಂಕಿನವರು, "ಯಾರಾದರೂ ನೌಕರರ ಜಾಮೀನು ತನ್ನಿ" ಅಂದರು. ಹುಡುಗನ ಅಮ್ಮ ನಮ್ಮ ಜಗಲಿಗೆ ಬಂದಳು. ಬುಟ್ಟಿ ಹೊರಗೇ ಇಟ್ಟು ಬಂದಿದ್ದಳು. "ಮಾಸ್ತರ್ರೇ, ನೀವೇ ಅಲ್ವಾ ಓದ್ಸು ಓದ್ಸು ಅಂದವರು" ಅಂದಳು.

ಹೌದು, ನಾನೇ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಡಿಪ್ಲೊಮಾಕ್ಕೆ ಹಾಕುತ್ತೇನೆ ಅಂತ ಅವನ ಅಪ್ಪ ಹೇಳಿದ್ದ. ಬೇಡ, ಪಿಯುಸಿ ಮಾಡಿಸು ಅಂದವನು ನಾನು. ಮಾಜಾಳಿಯಲ್ಲಿ 2007ರಿಂದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ, ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಿತ್ತು. ಬೆಂಗಳೂರಾದರೆ ಕ್ಯಾಂಪಸ್ ಸೆಲೆಕ್ಷನ್ ಚೆನ್ನಾಗಿ ಆಗುತ್ತದೆ ಅಂದವನೂ ನಾನೇ. ಯಾವ ಅಂಕಿ ನೋಡಿ ಹಾಗಂದೆ ಅಂತ ಈಗ ನನ್ನನ್ನೇ ಕೇಳಿಕೊಂಡರೆ ಉತ್ತರವಿಲ್ಲ. ಊರಲ್ಲಿ ಎಲ್ಲರೂ ಹಾಗೆ ಅನ್ನುತ್ತಿದ್ದರು, ನಾನೂ ಅಂದೆ.

ಸಾಲ 7 ಲಕ್ಷ, ಬಡ್ಡಿ ಶೇ. 10.5. ನಾಲ್ಕು ವರ್ಷ ಪ್ರತಿ ಆಗಸ್ಟಿನಲ್ಲಿ 1.75 ಲಕ್ಷ ಬ್ಯಾಂಕಿನಿಂದ ನೇರವಾಗಿ ಕಾಲೇಜಿಗೆ, ಹಾಸ್ಟೆಲಿಗೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಅಂದರು. ಇದನ್ನು ಕೇಳಿ ಆ ತಾಯಿ ಬ್ಯಾಂಕಿನ ಕೌಂಟರಿಗೇ ಕೈಮುಗಿದಳು. ಕಂತಿಗೆ ರಜೆ ಅಂದರೆ ಬಡ್ಡಿಗೂ ರಜೆ ಅಂದುಕೊಂಡಿದ್ದಳು. ಬಡ್ಡಿಗೆ ರಜೆ ಇಲ್ಲ. ಮೊದಲ ವರ್ಷದ ದುಡ್ಡಿಗೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಆಮೇಲೆ ಮೂರು, ಎರಡು. ಒಟ್ಟು 14 ವರ್ಷದಷ್ಟು ಬಡ್ಡಿ, 1.75 ಲಕ್ಷದ ಮೇಲೆ. ಎಂಟನೇ ಕ್ಲಾಸಿನ ಹುಡುಗರೂ ಮಾಡುವ ಲೆಕ್ಕ: 2,57,250 ರೂಪಾಯಿ. ಮೊದಲ ಕಂತು ಕಟ್ಟುವ ದಿನ 7 ಲಕ್ಷದ ಸಾಲ 9,57,250 ಆಗಿ ಕೂತಿತ್ತು.

ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 12,917 ರೂಪಾಯಿ ಕಂತು. ಕೊನೆಗೆ ಕಟ್ಟಿದ್ದು ಹದಿನೈದೂವರೆ ಲಕ್ಷ ಆಗುತ್ತದೆ.

ಈಗ ಸಂಬಳಕ್ಕೆ ಬರುತ್ತೇನೆ. ಹುಡುಗ 2023ರಲ್ಲಿ ಒಂದೂ ವಿಷಯ ಬಾಕಿ ಇಲ್ಲದೆ ಪಾಸಾದ. ಕೊನೆಯ ವರ್ಷವೇ ಕ್ಯಾಂಪಸ್ಸಿನಲ್ಲಿ ಕೆಲಸವೂ ಸಿಕ್ಕಿತ್ತು. ಊರಿಗೆಲ್ಲ ಪೇಡೆ ಹಂಚಿದ್ದರು. ಆದರೆ ಆ ಹೊತ್ತಿಗೆ ಐಟಿ ಕಂಪನಿಗಳಲ್ಲಿ ಕೆಲಸ ಕಮ್ಮಿಯಾಗಿತ್ತು. ಆಫರ್ ಕೊಟ್ಟವರನ್ನು ತಿಂಗಳುಗಟ್ಟಲೆ ಕರೆಯಲೇ ಇಲ್ಲ. ಇವನನ್ನು ಕರೆದದ್ದು 2024ರ ಜೂನಿನಲ್ಲಿ. ಅಲ್ಲಿಯವರೆಗೆ ಮನೆಯಲ್ಲೇ ಇದ್ದ. ನಿಮ್ಮ ಸರ್ಕಾರದ ಯುವನಿಧಿಯಿಂದ ತಿಂಗಳಿಗೆ 3,000ದಂತೆ ಕೊನೆಯ ನಾಲ್ಕು ತಿಂಗಳು ಬಂತು. ಅದಕ್ಕೆ ಧನ್ಯವಾದ. ಆದರೆ ಅಷ್ಟರಲ್ಲಿ ಅವನ ಸಾಲದ ಮೇಲೆ ತಿಂಗಳಿಗೆ ಆರು ಸಾವಿರದ ಮೇಲೆ ಬಡ್ಡಿ ಏರುತ್ತಿತ್ತು.

ಕೆಲಸದ ಪತ್ರವನ್ನು ಅವನು ನನಗೆ ತೋರಿಸಲು ತಂದಿದ್ದ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಸಿಟಿಸಿ, ಅಂದರೆ ಕಂಪನಿ ಇವನ ಮೇಲೆ ವರ್ಷಕ್ಕೆ ಹಾಕುವ ಒಟ್ಟು ಖರ್ಚು, 3,60,000. ನಾನು 12ರಿಂದ ಭಾಗಿಸಿ, "ಮೂವತ್ತು ಸಾವಿರ! ನಾನು ಕೆಲಸಕ್ಕೆ ಸೇರಿದಾಗ ಇದರ ಹತ್ತನೇ ಒಂದು ಪಾಲೂ ಇರಲಿಲ್ಲ ಮಾರಾಯ" ಅಂದೆ. ಅವನು ಸುಮ್ನೆ ಪುಟ ತಿರುಗಿಸಿ ಕೊನೆಯ ಹಾಳೆ ಮುಂದಿಟ್ಟ. ಅಲ್ಲಿ ಚಿಕ್ಕ ಅಕ್ಷರದ ಪಟ್ಟಿ. ಕಂಪನಿ ಕಟ್ಟುವ ಪಿಎಫ್ 1,800, ಅದೂ ಸಿಟಿಸಿಯ ಒಳಗೇ. ಗ್ರಾಚ್ಯುಯಿಟಿ ಅಂತ 600. ಕೈಗೆ ಸಿಗಲು ಐದು ವರ್ಷ ದುಡಿಯಬೇಕಾದ ದುಡ್ಡು ಅದು, ಇವತ್ತಿನ ಸಂಬಳದಲ್ಲಿ ಎಣಿಸಿದ್ದಾರೆ. ಆರೋಗ್ಯ ವಿಮೆ 500. ಕೆಲಸ ನೋಡಿ ವರ್ಷದ ಕೊನೆಗೆ ಕೊಡುತ್ತೇವೆ ಅನ್ನುವ ಭಾಗ ತಿಂಗಳಿಗೆ 2,000. ಉಳಿದ 25,100ರಲ್ಲಿ ಇವನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಕೈಗೆ ಬಂದದ್ದು 23,100.

ಬೆಂಗಳೂರಿನಲ್ಲಿ ಮೂವರು ಇರುವ ಪಿಜಿ ಕೋಣೆಯಲ್ಲಿ ಒಂದು ಮಂಚಕ್ಕೆ, ಬೆಳಿಗ್ಗೆ ರಾತ್ರಿ ಊಟಕ್ಕೆ ಸೇರಿ 8,500. ಮಧ್ಯಾಹ್ನದ ಊಟ, ಚಹಾ 3,000. ಬಸ್ಸು, ಮೊಬೈಲು 2,500. ಬಟ್ಟೆ, ಜ್ವರ, ಊರಿಗೆ ಬರುವ ಖರ್ಚು ನಾನು ಹಿಡಿದೇ ಇಲ್ಲ. ಆದರೂ ಉಳಿಯುವುದು 9,100. ಕಂತು 12,917. ಕೆಲಸ ಸಿಕ್ಕ ಹುಡುಗನಿಗೇ ತಿಂಗಳಿಗೆ 3,817 ಕೊರತೆ. ಮೊದಲ ಎರಡು ಸಂಬಳದಲ್ಲಿ ಪಿಜಿ ಅಡ್ವಾನ್ಸು ಬೇರೆ ಕೊಡಬೇಕಿತ್ತು. ಅಪ್ಪನ ಬೋಟು ಆಗಷ್ಟೇ ನೀರಿಗಿಳಿದಿತ್ತು. ಆಗಸ್ಟ್, ಸೆಪ್ಟೆಂಬರ್ ಕಂತು ತಪ್ಪಿದ್ದು ಹೀಗೆ. ಅವನು ಕುಡಿದು ಕಳೆಯಲಿಲ್ಲ, ದೊಡ್ಡ ಫೋನು ಕೊಳ್ಳಲಿಲ್ಲ. ನೋಟಿಸಿನ ಭಾಷೆ ನೋಡಿದರೆ ಹಾಗೇ ಅನ್ನಿಸುವಂತಿತ್ತು.

ಮೂರನೇ ಕಂತೂ ತಪ್ಪಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಗುತ್ತದೆ ಅಂತ ಗೊತ್ತಿತ್ತು. ಬಾಕಿಯನ್ನು ನನ್ನ ಪಿಂಚಣಿಯಿಂದ ಕಟ್ಟಿದೆ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ತಿಂಗಳ ಕೊರತೆಯಲ್ಲಿ ಅರ್ಧ ಅವನ ಅಮ್ಮ, ಅರ್ಧ ನಾನು ತುಂಬುತ್ತಿದ್ದೇವೆ. ಅವನು ಪ್ರತಿ ಸಲ ಫೋನ್ ಮಾಡಿ "ಸರ್, ಬರೆದಿಟ್ಟಿದ್ದೇನೆ" ಅನ್ನುತ್ತಾನೆ. ಆ ಮಾತು ಕೇಳಲು ನನಗೆ ಕಷ್ಟವಾಗುತ್ತದೆ.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮಾಸ್ತರನಾಗಿ ಒಬ್ಬ ಹುಡುಗನಿಗೆ ಸಹಾಯ ಮಾಡಿದೆ ಅಂದುಕೊಂಡು ಸುಮ್ಮನಿರುತ್ತಿದ್ದೆ. ಈ ವರ್ಷ ಏಪ್ರಿಲಿನಲ್ಲಿ, ಮಳೆಗೆ ಮೊದಲು ಮಾಡಿನ ಹಳೆ ಹೆಂಚು ಇಳಿಸಿ ತಗಡು ಹಾಕಿಸೋಣ ಅಂತ ಇನ್ನೊಂದು ಬ್ಯಾಂಕಿಗೆ ಸಣ್ಣ ಸಾಲ ಕೇಳಲು ಹೋದೆ. ಸಾಲ ಸಿಗಲಿಲ್ಲ. ಸಾಲ ಸರಿಯಾಗಿ ತೀರಿಸುತ್ತೇವೋ ಅಂತ ಬ್ಯಾಂಕುಗಳು ನೋಡುವ ನನ್ನ ಸಿಬಿಲ್ ಅಂಕ ಕುಸಿದಿತ್ತು, ಹುಡುಗನ ಎರಡು ಕಂತು ನನ್ನ ಹೆಸರಿಗೂ ಹತ್ತಿತ್ತು. ಅಲ್ಲಿದ್ದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಂಪ್ಯೂಟರ್ ನೋಡುತ್ತಾ ನೋಡುತ್ತಾ ಕೇಳಿದರು: "ಈ ಹುಡುಗನಿಗೆ ಬಡ್ಡಿ ಸಹಾಯಧನ ಬಂದಿಲ್ವಾ ಸರ್?"

ಯಾವ ಸಹಾಯಧನ ಅಂದೆ.

ಆಗ ಗೊತ್ತಾಯಿತು. ಮನೆಯ ವರ್ಷದ ಆದಾಯ 4.5 ಲಕ್ಷದೊಳಗೆ ಇದ್ದು, ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇರುವ ಕಡೆ ವೃತ್ತಿ ಶಿಕ್ಷಣ ಓದುವ ಮಕ್ಕಳಿಗೆ ಕೇಂದ್ರ ಸರ್ಕಾರದ ಒಂದು ಯೋಜನೆ 2009ರಿಂದಲೂ ಇದೆ. ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಪೂರ್ತಿ ಸರ್ಕಾರವೇ ಕಟ್ಟುತ್ತದೆ. 2018ರಲ್ಲಿ ತಿದ್ದಿದ ನಿಯಮದ ಪ್ರಕಾರ 7.5 ಲಕ್ಷದವರೆಗಿನ ಸಾಲಕ್ಕೆ ಅದು ಸಿಗುತ್ತಿತ್ತು. ನಮ್ಮ ಹುಡುಗನ ಸಾಲ 7 ಲಕ್ಷ. ಅವನ ಕಾಲೇಜಿನ ಗೇಟಿನ ಮೇಲೇ ನ್ಯಾಕ್ ಅಂತ ಬರೆದಿದೆ. ಅಪ್ಪ ಅಮ್ಮನ ಆದಾಯ ಸೇರಿಸಿದರೂ 4.5 ಲಕ್ಷದ ಹತ್ತಿರಕ್ಕೂ ಬರುವುದಿಲ್ಲ. ಅಂದರೆ ಆ 2,57,250 ರೂಪಾಯಿ ಅವನ ತಲೆ ಮೇಲೆ ಬರಲೇಬಾರದಿತ್ತು.

ಒಂದು ಷರತ್ತಿದೆ. ಸಾಲಕ್ಕೆ ಆಸ್ತಿ ಅಡವೂ ಇರಬಾರದು, ಮೂರನೆಯವರ ಜಾಮೀನೂ ಇರಬಾರದು.

ಅಂದರೆ ನನ್ನ ಸಹಿಯೇ ಅಡ್ಡ ಬಂದಿತ್ತು. ಯಾವ ಜಾಮೀನನ್ನು ಉಪಕಾರ ಅಂತ ಹಾಕಿದೆನೋ ಅದರಿಂದಲೇ ಅವನಿಗೆ ಎರಡೂವರೆ ಲಕ್ಷ ಹೋಯಿತು. ಅಧಿಕಾರಿಯ ಮುಂದೆ ಏನು ಹೇಳುವುದೆಂದು ತೋಚದೆ, ತಗಡಿನ ಕೊಟೇಶನ್ ಮಡಚಿ ಜೇಬಿಗೆ ಹಾಕಿಕೊಂಡು ಬಂದೆ.

ನನ್ನ ಪ್ರಶ್ನೆ ಬ್ಯಾಂಕಿನವರಿಗೆ. 7.5 ಲಕ್ಷದವರೆಗಿನ ಶೈಕ್ಷಣಿಕ ಸಾಲಕ್ಕೆ ಕೇಂದ್ರ ಸರ್ಕಾರ 2015ರಲ್ಲೇ ಒಂದು ಖಾತರಿ ನಿಧಿ ಮಾಡಿದೆ. ಸಾಲ ಮುಳುಗಿದರೆ ನಷ್ಟದ ಶೇ. 75ರಷ್ಟನ್ನು ಆ ನಿಧಿ ಬ್ಯಾಂಕಿಗೆ ಕೊಡುತ್ತದೆ. ಜಾಮೀನು, ಅಡವು ಕೇಳದೆ ಸಾಲ ಕೊಡಲಿ ಅಂತಲೇ ಅದನ್ನು ಮಾಡಿದ್ದು. ಹಾಗಿದ್ದಮೇಲೆ 2019ರಲ್ಲಿ ಆ ಶಾಖೆಯವರು ಮೀನು ಮಾರುವ ಹೆಂಗಸನ್ನು ಜಾಮೀನಿಗಾಗಿ ಮನೆ ಮನೆ ಅಲೆಸಿದ್ದು ಯಾಕೆ? ಹೀಗೊಂದು ದಾರಿಯೂ ಇದೆ, ಆದಾಯ ಪ್ರಮಾಣಪತ್ರ ತಂದರೆ ಬಡ್ಡಿ ಬೀಳುವುದಿಲ್ಲ ಅಂತ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು? ಆ ಶಾಖೆಗೆ ಹೋಗಿ ಕೇಳಿದೆ. "ಆಗಿದ್ದ ಮ್ಯಾನೇಜರ್ ಈಗಿಲ್ಲ ಸರ್" ಅಂದರು. ಲಿಖಿತವಾಗಿ ಕೊಡಿ ಅಂದೆ, ಇವತ್ತಿನವರೆಗೂ ಕೊಟ್ಟಿಲ್ಲ. ಆ ಶಾಖೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಕೇಳುತ್ತಾ ಹೋದರೆ ಅದೊಂದೇ ಶಾಖೆಯ ಕತೆ ಅಲ್ಲ ಅಂತ ಗೊತ್ತಾಗಿದೆ.

ಇನ್ನೂ ಒಂದು ಲೆಕ್ಕ ಮಾಡಿದೆ. ಸಹಾಯಧನ ಸಿಕ್ಕು ಬರೀ 7 ಲಕ್ಷ ಅಸಲು ಉಳಿದಿದ್ದರೆ ಹತ್ತು ವರ್ಷಕ್ಕೆ ಕಂತು 9,445. ಹುಡುಗನ ಕೈಯಲ್ಲಿ ಉಳಿಯುವ 9,100ಕ್ಕೆ ಹೆಚ್ಚುಕಡಿಮೆ ಸರಿ ಹೋಗುತ್ತಿತ್ತು. ಅದನ್ನೇ 15 ವರ್ಷಕ್ಕೆ ಹಂಚಿದ್ದರೆ 7,738. ಆಗ ಅವನ ಅಮ್ಮ ಜ್ವರ ಬಂದ ದಿನ ಬುಟ್ಟಿ ಹೊರಬೇಕಿರಲಿಲ್ಲ. 15 ವರ್ಷದವರೆಗೂ ಅವಧಿ ಕೊಡಬಹುದು ಅಂತ ಬ್ಯಾಂಕುಗಳ ಮಾದರಿ ಯೋಜನೆಯಲ್ಲೇ ಇದೆ. ಕೇಳಿದವರು ಯಾರು, ಹೇಳಿದವರು ಯಾರು!

ಇದು ಬರೀ ಬಡವರ ಗೋಳು ಅಂದುಕೊಳ್ಳಬೇಡಿ. ಶಿರಸಿಯಲ್ಲಿ ನನ್ನ ಗೆಳೆಯನೊಬ್ಬ ಮಗಳ ಮ್ಯಾನೇಜ್‌ಮೆಂಟ್ ಸೀಟಿಗೆ 14 ಲಕ್ಷ ಸಾಲ ಮಾಡಿದ್ದಾನೆ. ಏಳೂವರೆ ಲಕ್ಷ ದಾಟಿದ್ದಕ್ಕೆ ಅಡಿಕೆ ತೋಟವನ್ನೇ ಅಡವಿಟ್ಟ. ಮೇಲಿಂದ ಎಲೆಚುಕ್ಕಿ ರೋಗ ಬಂತು. ಮಗಳಿಗೆ ಸಿಕ್ಕ ಸಂಬಳ ನಮ್ಮ ಹುಡುಗನದಕ್ಕಿಂತ ಮುನ್ನೂರು ರೂಪಾಯಿ ಕಮ್ಮಿ. ಅವನು ಈ ವಿಷಯ ಮಾತಾಡುವುದಿಲ್ಲ, ನಾನೂ ಕೇಳುವುದಿಲ್ಲ.

ಮಾನ್ಯ ಸಚಿವರೇ, ಇನ್ನು ನಿಮ್ಮ ಕೈಯಲ್ಲಿರುವ ವಿಷಯಕ್ಕೆ ಬರುತ್ತೇನೆ. ಇಂಜಿನಿಯರಿಂಗ್ ಓದಬಾರದು ಅಂತ ನನ್ನ ವಾದ ಅಲ್ಲ. ನನ್ನ ವಿದ್ಯಾರ್ಥಿಗಳಲ್ಲೇ ಓದಿ ಐದಾರು ವರ್ಷದಲ್ಲಿ ತಿಂಗಳಿಗೆ ಲಕ್ಷ ಎಣಿಸುವವರಿದ್ದಾರೆ. ಈ ಹುಡುಗನೂ ಮುಂದೆ ಬರುತ್ತಾನೆ, ನನಗೆ ನಂಬಿಕೆ ಇದೆ. ಆದರೆ ಸಾಲ ಐದಾರು ವರ್ಷ ಕಾಯುವುದಿಲ್ಲ, ಮೊದಲ ಸಂಬಳದ ಹಿಂದೆಯೇ ಬಂದು ನಿಲ್ಲುತ್ತದೆ. ಆ ಮೊದಲ ಸಂಬಳ ಮಾತ್ರ ಎಷ್ಟೋ ಕಾಲದಿಂದ ಅಲ್ಲೇ ಇದೆ. 2010ರಲ್ಲಿ ನನ್ನ ಒಬ್ಬ ವಿದ್ಯಾರ್ಥಿ ದೊಡ್ಡ ಐಟಿ ಕಂಪನಿ ಸೇರಿದಾಗ ಅವನಿಗೆ ವರ್ಷಕ್ಕೆ ಮೂರೂಕಾಲು ಲಕ್ಷ ಅಂದಿದ್ದರು. ಹದಿನಾಲ್ಕು ವರ್ಷ ಬಿಟ್ಟು ಸೇರಿದ ಇವನಿಗೆ ಮೂರು ಲಕ್ಷದ ಅರವತ್ತು ಸಾವಿರ. ಈ ನಡುವೆ ಕಾಲೇಜು ಶುಲ್ಕವಾಗಲಿ, ಪಿಜಿ ಬಾಡಿಗೆಯಾಗಲಿ, ಬಂಗಡೆಯ ರೇಟಾಗಲಿ ಅಲ್ಲೇ ನಿಂತಿದೆಯಾ?

ಊರಲ್ಲೇ ಕೆಲಸ ಮಾಡಲಿ ಅನ್ನುತ್ತೀರಾ? ಕೈಗಾ ಅಣುವಿದ್ಯುತ್ ಕೇಂದ್ರ ನಮ್ಮ ತಾಲೂಕಿನಲ್ಲೇ ಇದೆ, 220 ಮೆಗಾವ್ಯಾಟಿನ ನಾಲ್ಕು ಘಟಕ. ಆದರೆ ಅಲ್ಲಿ ಇಂಜಿನಿಯರ್ ಆಗಿ ಸೇರಲು ಇಡೀ ದೇಶದವರ ಜೊತೆ ಗೇಟ್ ಪರೀಕ್ಷೆ ಬರೆಯಬೇಕು. ಬರೆಯಲಿ, ತಪ್ಪಿಲ್ಲ. ಅದಕ್ಕೆ ಒಂದು ವರ್ಷ ಕೂತು ಓದುತ್ತೇನೆ ಅನ್ನುವ ಹುಡುಗನಿಗೆ ಕಂತು ಬಿಡುತ್ತದೆಯಾ ಅನ್ನುವುದಷ್ಟೇ ಪ್ರಶ್ನೆ.

ಸೀಟು ಆರಿಸುವ ದಿನ ನಮಗೆ ಸಿಗುವ ಮಾಹಿತಿ ಎಂಥದ್ದು ಅಂತ ಒಮ್ಮೆ ನೋಡಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿಯಲ್ಲಿ ಕಾಲೇಜಿನ ಹೆಸರು, ಕೋರ್ಸು, ಶುಲ್ಕ ಇರುತ್ತದೆ. ಆ ಕೋರ್ಸು ಓದಿದವರು ಎಷ್ಟು ಗಳಿಸುತ್ತಿದ್ದಾರೆ ಅಂತ ಇರುವುದಿಲ್ಲ. ಅದಕ್ಕೆ ನಾವು ಕಾಲೇಜಿನ ಬಣ್ಣದ ಪುಸ್ತಿಕೆ ನೋಡಬೇಕು. ಮುಖಪುಟದಲ್ಲಿ ಟೈ ಕಟ್ಟಿದ ಒಬ್ಬ ಹುಡುಗ, ಕೆಳಗೆ "ಅತಿ ಹೆಚ್ಚು ಪ್ಯಾಕೇಜ್" ಅಂತ ಒಂದು ಸಂಖ್ಯೆ. ಒಳಗೆ "ಸರಾಸರಿ ಪ್ಯಾಕೇಜ್". ಈ ಸರಾಸರಿ ಅನ್ನುವುದು ಎಷ್ಟು ಮೋಸದ್ದು ಅಂತ ನಮ್ಮ ಮೀನು ಪೇಟೆಯ ಲೆಕ್ಕದಲ್ಲಿ ಹೇಳುತ್ತೇನೆ. ಹತ್ತು ಹೆಂಗಸರು ಸಾಲಾಗಿ ಕೂತಿದ್ದಾರೆ. ಒಂಬತ್ತು ಜನ ತಾರ್ಲೆ ಮಾರಿ ತಲಾ 400 ರೂಪಾಯಿ ದುಡಿದರು. ಹತ್ತನೆಯವಳಿಗೆ ದೊಡ್ಡ ಇಸ್ವಾಣ ಸಿಕ್ಕಿತ್ತು, 6,400 ಬಂತು. ಸರಾಸರಿ ತೆಗೆಯಿರಿ: ಸರಿಯಾಗಿ ಒಂದು ಸಾವಿರ. ಆ ಸಾವಿರವನ್ನು ಅಲ್ಲಿ ಒಬ್ಬಳೂ ಕಂಡಿಲ್ಲ. ಅದಕ್ಕೇ ನಾವು ಹತ್ತನೇ ಕ್ಲಾಸಿನಲ್ಲಿ ಮಧ್ಯಾಂಕ ಕಲಿಸುವುದು. ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿ, ನಡುವೆ ನಿಂತವಳನ್ನು ಕೇಳಿದರೆ 400 ಅನ್ನುತ್ತಾಳೆ. ನಮಗೆ ಬೇಕಾದದ್ದು ಆ ನಡುವಿನವಳ ಲೆಕ್ಕ.

"ಶೇ. 95 ಪ್ಲೇಸ್‌ಮೆಂಟ್" ಅನ್ನುವುದರ ಒಳಗುಟ್ಟನ್ನೂ ನಮ್ಮ ಹುಡುಗ ಹೇಳಿದ. ವಿಷಯ ಬಾಕಿ ಉಳಿಸಿಕೊಂಡವರು, ಅಂಕ ಕಮ್ಮಿ ಇದ್ದವರು "ಅರ್ಹರಲ್ಲ" ಅಂತ ಮೊದಲೇ ಎಣಿಕೆಯಿಂದ ಹೊರಗೆ. ಒಬ್ಬನಿಗೆ ಮೂರು ಕಂಪನಿ ಕರೆದರೆ ಅದು ಮೂರು. ಹೀಗೆ ಎಣಿಸಿದರೆ ನಾನೂ ನನ್ನ ಕ್ಲಾಸಿನ ಫಲಿತಾಂಶ ಪ್ರತಿ ವರ್ಷ ನೂರಕ್ಕೆ ನೂರು ತೋರಿಸಬಹುದಿತ್ತು.

ಸತ್ಯದ ಅಂಕಿ ಎಲ್ಲೂ ಇಲ್ಲ ಅಂತಲ್ಲ. ಕೇಂದ್ರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕುವ ಕಾಲೇಜುಗಳು ಇದೇ ಅಂಕಿಗಳನ್ನು ಪ್ರತಿ ವರ್ಷ ಕೊಡುತ್ತವೆ. ಮೊದಲ ವರ್ಷಕ್ಕೆ ಎಷ್ಟು ಜನ ಸೇರಿದರು, ಸರಿಯಾದ ಸಮಯಕ್ಕೆ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು, ಸಂಬಳದ ಮಧ್ಯಾಂಕ ಎಷ್ಟು. ಇಷ್ಟೂ ಅದರಲ್ಲಿದೆ. ತಮ್ಮ ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ ಇಂಗ್ಲಿಷಿನ ಪಿಡಿಎಫ್ ಮಾಡಿ ಇಟ್ಟಿರುತ್ತಾರೆ. ದೆಹಲಿಗೆ ಕೊಡುವ ಲೆಕ್ಕವನ್ನು ಬೈತಖೋಲದ ತಾಯಿಗೂ ಕೊಡಿ ಅನ್ನುವುದೇ ನನ್ನ ಮೊದಲ ಬೇಡಿಕೆ.

ಪ್ರತಿ ವರ್ಷ ಸರ್ಕಾರ ಮತ್ತು ಖಾಸಗಿ ಕಾಲೇಜುಗಳ ಒಕ್ಕೂಟ ಕೂತು ಸೀಟು, ಶುಲ್ಕದ ಒಪ್ಪಂದ ಮಾಡಿಕೊಳ್ಳುತ್ತೀರಿ. ಅದರಲ್ಲಿ ಒಂದು ಷರತ್ತು ಸೇರಿಸಿ. ಪ್ರತಿ ಕಾಲೇಜು, ಪ್ರತಿ ಕೋರ್ಸಿಗೆ ಬೇರೆ ಬೇರೆಯಾಗಿ, ಹಿಂದಿನ ಮೂರು ವರ್ಷದ ಈ ಅಂಕಿಗಳನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಕೊಡಬೇಕು. ಸಿಟಿಸಿ ಬೇಡ, ಕೈಗೆ ಬರುವ ಸಂಬಳದ ಮಧ್ಯಾಂಕ ಬೇಕು. ಕಾಲೇಜು ನಾಲ್ಕು ವರ್ಷಕ್ಕೆ ತೆಗೆದುಕೊಳ್ಳುವ ಒಟ್ಟು ದುಡ್ಡು, ಹಾಸ್ಟೆಲೂ ಸೇರಿ, ಅದೇ ಹಾಳೆಯಲ್ಲಿ ಪಕ್ಕದಲ್ಲೇ ಇರಲಿ. ಆಪ್ಷನ್ ಎಂಟ್ರಿಯ ಪರದೆಯಲ್ಲಿ ಶುಲ್ಕದ ಪಕ್ಕದ ಕಾಲಮ್ಮಿನಲ್ಲೂ ಬರಲಿ. ಕೊಡದ ಕಾಲೇಜಿನ ಮುಂದೆ "ಮಾಹಿತಿ ಕೊಟ್ಟಿಲ್ಲ" ಅಂತ ಬರೆಯಿರಿ, ಸಾಕು. ನಮ್ಮ ಜನಕ್ಕೆ ಅಷ್ಟು ಅರ್ಥವಾಗುತ್ತದೆ.

ಗಡುವಿನ ವಿಷಯವನ್ನೂ ಇದರ ಜೊತೆಗೇ ನೋಡಿ. ಮೀನುಗಾರರ ಮಕ್ಕಳಿಗೆ ಮೊದಲ ವರ್ಷದ ಶುಲ್ಕವನ್ನು ಸೆಪ್ಟೆಂಬರ್ ಕೊನೆಯವರೆಗೆ ಎರಡು ಕಂತಿನಲ್ಲಿ ಕಟ್ಟಲು ಬಿಡಿ. ಸೀಟು ಮನೆ ಬಾಗಿಲಲ್ಲಿ ನಿಂತು ಅವಸರ ಮಾಡದಿದ್ದರೆ ಸಾಲದ ಕಾಗದ ಓದಲು ಅವರಿಗೆ ಪುರುಸೊತ್ತು ಸಿಗುತ್ತದೆ. ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟು, ಓದಿಗೆ ಸರ್ಕಾರಿ ನಿಗಮಗಳು ಕೊಡುವ ಅರಿವು ಸಾಲ ಇವೆಲ್ಲ ನಿಮ್ಮ ಕಡೆಯಿಂದಲೇ ಸಿಗುವಂಥವು. ಇದರ ಪಟ್ಟಿ ಹೈಸ್ಕೂಲು, ಪಿಯು ಕಾಲೇಜುಗಳ ಗೋಡೆಯ ಮೇಲೆ ಇರಲಿ. ಡಿಪ್ಲೊಮಾ ಮಾಡಿ ಎರಡನೇ ವರ್ಷದ ಬಿಇಗೆ ನೇರ ಸೇರಿದರೆ ಒಂದು ವರ್ಷದ ಶುಲ್ಕ ಉಳಿಯುತ್ತದೆ ಅನ್ನುವುದನ್ನೂ ಅಲ್ಲೇ ಬರೆಯಿಸಿ. ಆ ಅಪ್ಪ ಹೇಳಿದ್ದೇ ಸರಿಯಿತ್ತೋ ಏನೋ.

ಬ್ಯಾಂಕ್ ಅಧಿಕಾರಿಗಳೇ, ನಿಮ್ಮಿಂದಲೂ ಒಂದು ಹಾಳೆ ಬೇಕು. ಸಹಿಗೆ ಮೊದಲು, ಕನ್ನಡದಲ್ಲಿ. ಓದು ಮುಗಿಯುವಾಗ ಸಾಲ ಎಷ್ಟಾಗಿರುತ್ತದೆ, ಹತ್ತು ವರ್ಷಕ್ಕೆ ಕಂತೆಷ್ಟು, ಹದಿನೈದು ವರ್ಷಕ್ಕೆ ಎಷ್ಟು, ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ ಎಷ್ಟು ಕಮ್ಮಿ, ಬಡ್ಡಿ ಸಹಾಯಧನಕ್ಕೆ ಈ ಮಗು ಅರ್ಹವೋ ಅಲ್ಲವೋ. ನಿಮ್ಮ ಕಂಪ್ಯೂಟರಿಗೆ ಇದು ಒಂದು ನಿಮಿಷದ ಕೆಲಸ. ಏಳೂವರೆ ಲಕ್ಷದೊಳಗಿನ ಸಾಲಕ್ಕೆ ಜಾಮೀನು ಕೇಳುವುದನ್ನು ನಿಲ್ಲಿಸಿ. 2024ರ ನವೆಂಬರಿನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತ ಹೊಸ ಯೋಜನೆ ಬಂದಿದೆ, ಅದರಲ್ಲಿ ಜಾಮೀನೂ ಬೇಡ, ಅಡವೂ ಬೇಡ. ಒಳ್ಳೆಯದೇ. ಆದರೆ ರ‍್ಯಾಂಕಿಂಗಿನಲ್ಲಿ ಮೇಲಿರುವ ಸಂಸ್ಥೆಗಳಿಗೆ ಮಾತ್ರ, ಶುರುವಿನಲ್ಲಿ ಅವು 860. ಆ ಪಟ್ಟಿಯ ಹೊರಗಿನ ಕಾಲೇಜಿಗೆ ಹೋಗುವವರು ಮತ್ತೆ ನನ್ನಂಥ ಮಾಸ್ತರರ ಜಗಲಿಗೇ ಬರುತ್ತಾರೆ. ನಿಮ್ಮ ಶಾಖೆಗಳಲ್ಲಿ 2018ರಿಂದ ಈಚೆ ಅನಗತ್ಯವಾಗಿ ಜಾಮೀನು ಹಾಕಿಸಿಕೊಂಡು ಸಹಾಯಧನ ತಪ್ಪಿದ ಸಾಲಗಳು ಎಷ್ಟಿವೆ ಅಂತ ತೆಗೆದು ನೋಡಿ. ಅಂಥವರಿಗೆ ಆ ಬಡ್ಡಿಯನ್ನು ಬಿಡಿ, ಇಲ್ಲವೇ ಕಂತಿನ ಅವಧಿಯನ್ನಾದರೂ ಬೆಳೆಸಿ. ಮೊದಲ ಎರಡು ವರ್ಷ ಕಂತು ಸಣ್ಣದಿದ್ದು, ಸಂಬಳ ಏರಿದ ಹಾಗೆ ಏರುವಂತೆ ಮಾಡಿದರೆ ನಮ್ಮ ಹುಡುಗರು ಒಂದು ರೂಪಾಯಿ ಉಳಿಸಿಕೊಳ್ಳದೆ ಕಟ್ಟುತ್ತಾರೆ.

ಇದನ್ನು ಬರೆಯುತ್ತಿರುವ ಹೊತ್ತಿಗೆ ಈ ವರ್ಷದ ಆಪ್ಷನ್ ಎಂಟ್ರಿ ನಡೆಯುತ್ತಿದೆ. ನಿನ್ನೆ ಬೈತಖೋಲದಿಂದಲೇ ಇನ್ನೊಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿ ಒಂದು ನೋಟ್‌ಬುಕ್ಕಿನಲ್ಲಿ ಹನ್ನೊಂದು ಕಾಲೇಜಿನ ಹೆಸರು ಬರೆದಿದ್ದಳು, ಪ್ರತಿಯೊಂದರ ಮುಂದೆ ಶುಲ್ಕ. ನಾನು ಇನ್ನೊಂದು ಗೆರೆ ಎಳೆದು, ಮೇಲೆ "ಸಂಬಳದ ಮಧ್ಯಾಂಕ" ಅಂತ ಬರೆದೆ. ಒಂದೊಂದೇ ಕಾಲೇಜಿಗೆ ಅವಳ ಕೈಯಲ್ಲೇ ಫೋನ್ ಮಾಡಿಸಿದೆ. ನಾಲ್ಕು ಕಡೆ ಫೋನ್ ಎತ್ತಲಿಲ್ಲ. ಐದು ಕಡೆ ಅತಿ ಹೆಚ್ಚು ಪ್ಯಾಕೇಜ್ ಹೇಳಿದರು. ಒಂದು ಕಡೆ, "ಹಾಗಂದ್ರೆ ಏನಮ್ಮಾ?" ಅಂತ ಕೇಳಿದರು. ಕೊನೆಯದರಲ್ಲಿ ಮಾತಾಡಿದವರು, "ಮೊದ್ಲು ಅಡ್ಮಿಷನ್ ಮಾಡಿಸ್ಕೊಳಮ್ಮ, ಆಮೇಲೆ ಪ್ಲೇಸ್‌ಮೆಂಟ್ ಸರ್ ಹತ್ರ ಕೇಳ್ಬಹುದು" ಅಂದರು. ಆ ಕಾಲಮ್ಮು ಹಾಗೇ ಖಾಲಿ ಇದೆ. ಬ್ಯಾಂಕಿನವರು ಅವಳಿಗೂ ಜಾಮೀನು ಕೇಳಿದ್ದಾರೆ. ನಾನು ಈ ಸಲ ಸಹಿ ಹಾಕಿಲ್ಲ, ನಿಯಮದ ಪ್ರತಿಯನ್ನು ಅವರ ಕೈಗೆ ಕೊಟ್ಟು ಕಳಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಮಾಸ್ತರ, ಜಾಮೀನುದಾರ
ಕಾರವಾರ